ಸತ್ತ ಮಗಳ ಸರದಿ

ಮಗಳು ಬೇರೆ ಜಾತಿಯವನನ್ನು ಮದುವೆಯಾದ ದಿನ ಕವಿಗಳು ತಣ್ಣೀರ ಸ್ನಾನ ಮಾಡಿ, ಅವಳು ತಮ್ಮ ಪಾಲಿಗೆ ಸತ್ತಳೆಂದು ಎಳ್ಳುನೀರು ಬಿಟ್ಟರು. ಆಮೇಲೆ ಒಂದೇ ಉಸಿರಿಗೆ ಅವಳ ಮೇಲೆ ನಲವತ್ತು ಚರಮಗೀತೆ ಬರೆದರು. ವಿಮರ್ಶಕರೆಲ್ಲ ಮೆಚ್ಚಿಕೊಂಡರು, ಮಗಳು ಯಾವ ಕಾಯಿಲೆಯಿಂದ ಸತ್ತಳೆಂದು ಒಬ್ಬರೂ ಕೇಳಲಿಲ್ಲ.

ನಾಲ್ಕನೆಯ ಮುದ್ರಣದ ಬಿಡುಗಡೆಯಲ್ಲಿ ಕವಿಗಳು ಮೂರು ಪದ್ಯ ಓದಿದರು. ಸಭೆ ಕಣ್ಣು ಮೂಗು ಒರೆಸಿಕೊಂಡು, ಪುಸ್ತಕ ಕೊಂಡು, ಹಸ್ತಾಕ್ಷರಕ್ಕೆ ಸಾಲು ನಿಂತಿತು. ಆ ಸಾಲಿನಲ್ಲಿ ಮಗಳೂ ಇದ್ದಳು.

“ಹೆಸರು?” ಕವಿಗಳು ತಲೆಯೆತ್ತದೆ ಕೇಳಿದರು.

“ಮಂದಾಕಿನಿ.”

ಪೆನ್ನು ನಿಂತಿತು.

“ಜಗಳಕ್ಕೆ ಬಂದಿಲ್ಲ ಅಪ್ಪ. ಅಮ್ಮ ನಿಮಗೆ ಗೊತ್ತಿಲ್ಲದ ಹಾಗೆ ಪ್ರತಿ ಶುಕ್ರವಾರ ಫೋನ್ ಮಾಡ್ತಿದ್ಲು. ಆರು ತಿಂಗಳಾಯ್ತು, ಒಂದೂ ಫೋನಿಲ್ಲ. ಒಂದ್ಸಲ ಅವಳನ್ನ ನೋಡಿ ಹೋಗ್ತೀನಿ.”

“ಮೆತ್ತಗೆ ಮಾತಾಡು. ಇಷ್ಟೂ ಜನ ಈಗಷ್ಟೇ ನಿನಗೋಸ್ಕರ ಅತ್ತಿದ್ದಾರೆ.”

“ನಿಮ್ಮ ಕಾಲಿಗೆ ಬೀಳ್ತೀನಿ. ಐದೇ ನಿಮಿಷ. ಹೊಸ್ತಿಲು ತುಳಿಯಲ್ಲ, ಬೀದೀಲೇ ನಿಂತು ನೋಡ್ತೀನಿ ಅಪ್ಪ.”

ಹಿಂದೆ ನಿಂತಿದ್ದ ಹೆಂಗಸು ಅವಳ ಭುಜ ತಟ್ಟಿದರು. “ಬೇಗ ಮುಗಿಸಮ್ಮ. ಪಾಪ, ಮಗಳನ್ನ ಕಳಕೊಂಡೋರು. ಅವರನ್ನ ಎಷ್ಟೂಂತ ಗೋಳುಹುಯ್ಕೋತೀಯ?”

ಕವಿಗಳು ಸಹಿ ಹಾಕಿ ಪುಸ್ತಕವನ್ನು ಮಗಳ ಕೈಗಿಟ್ಟರು.

“ನಿಮ್ಮಮ್ಮನ ಚರಮಗೀತೆಗಳು ಯುಗಾದಿಗೆ ಬರ್ತಿವೆ,” ಎಂದರು. “ಅವುಗಳಲ್ಲಿ ಸುಳ್ಳಿಲ್ಲ.”