ಲೂಟಿಗೆ ಮೂರು ಅರ್ಥ

ಮದೀನಾಬಿ ತನ್ನ ಮನೆಯ ಬಾಗಿಲು ಕೇಳಲು ಬಂದಾಗ ಬಸವಂತರಾಯ ತನ್ನ ಮನೆಗೆ ಕೂಡಿಸಿಕೊಂಡಿದ್ದ ಅದೇ ಬಾಗಿಲಿಗೆ ಒರಗಿ ಕೂತು ಅಡಕೆ ಕತ್ತರಿಸುತ್ತಿದ್ದ. ನಿಜಾಮನ ರಾಜ್ಯಕ್ಕೆ ಭಾರತದ ದಂಡು ನುಗ್ಗಿದ ಪೊಲೀಸ್ ಆಕ್ಷನ್ ಮುಗಿದು ತಿಂಗಳಾಗಿತ್ತು. ಆ ಗಲಾಟೆಯಲ್ಲಿ ಅವಳ ಗಂಡ, ಪಿಂಜಾರ ಇಮಾಮಸಾಬ, ಸತ್ತ. ಮನೆಯ ಸಾಮಾನು ಊರಿನ ಪಾಲಾಯಿತು.

"ಭಾಂಡೆ, ಹಾಸಗಿ ಯಾರರೆ ಇಟ್ಕೋಳ್ಳಿ ರಾಯರ. ಬಾಗಿಲಷ್ಟು ಕೊಡ್ರಿ. ಬೆಳದ ಮಗಳದಾಳ. ಬಾಗಿಲ ಜಾಗಾಕ ಕೌದಿ ಕಟ್ಟೇನಿ, ನಿನ್ನಿ ಯಾರೋ ಅದನ್ನೂ ಎತ್ತಿ ಹಣಿಕಿ ಹಾಕ್ಯಾರ."

"ನಾ ಏನ್ ಲೂಟಿ ಮಾಡೇನೇನು?"

"ಮತ್ತ ಇದು ಇಲ್ಲಿಗಿ ನಡಕೊಂತ ಬಂತೇನ್ರಿ? ಅಫಜಲಪುರಕ್ಕ ಹೋಗಿ ಮಿಲ್ಟ್ರಿ ಸಾಹೇಬನ ಮುಂದ ಹೇಳ್ತೇನಿ."

ಬಸವಂತರಾಯ ನಕ್ಕ. ಸೊಲ್ಲಾಪುರದಲ್ಲಿ ಇಂಗ್ಲಿಷ್ ಕಲಿತು ನಪಾಸಾಗಿ ಬಂದವನು. ಊರಿಗೆ ಅಷ್ಟು ವಿದ್ಯೆ ಸಾಕಾಗಿತ್ತು.

"ಹೇಳು. ಇಂಗ್ಲೀಷಿನಾಗ ಲೂಟಿ ಮಾಡೋದಕ್ಕ ಏನಂತಾರ ಗೊತ್ತದೇನು? ಲೂಟ್! ನಮ್ಮ ಮಾತ ಬೇ ಅದು. ಮೂಲ ಸಂಸ್ಕೃತ. ಕೆಂಪು ಮಾರಿ ಸಿಪಾಯಿಗಳು ಇಲ್ಲಿ ಕಲತು, ಒಯ್ದು ತಮ್ಮ ಡಿಕ್ಷನರಿಗಿ ಹಾಕ್ಯಾರ."

"ಹೌದೇನ್ರಿ ಯಪ್ಪಾ!" ಆಳು ಪೀರಪ್ಪ ಕಣ್ಣರಳಿಸಿದ.

"ಅರ್ಥ ಮೂರು. ಲಡಾಯಿ ಗೆದ್ದ ದಂಡು ಒಯ್ಯೋದು ಒಂದು. ಗದ್ದಲದಾಗ ಮಂದಿ ನುಗ್ಗಿ ಒಯ್ಯೋದು ಇನ್ನೊಂದು. ಸರಕಾರಿ ನೌಕರ ನುಂಗೋದು ಮೂರನೇದು. ನಾ ದಂಡಲ್ಲ, ನೌಕರ ಅಲ್ಲ. ಗದ್ದಲ ಮುಗದ ಮರುದಿನ ಬಂಡಿ ಹೂಡಿ ಸಾವಕಾಶ ತಂದೇನಿ. ಅದು ಹ್ಯಾಂಗ ಲೂಟಿ?"

ಒಳಗಿನಿಂದ ಹೆಂಡತಿ ಗೌರಾಬಾಯಿ ದನಿ ಸೇರಿಸಿದಳು: "ದಸರಾಕ್ಕ ಅರಿಷಿಣ ಕುಂಕುಮ ಹಚ್ಚಿ ಪೂಜಿ ಮಾಡೇವಿ. ಪೂಜಿ ಆದ ಬಾಗಿಲಾ ಕೀಳಬಾರದು."

ಮದೀನಾಬಿ ಮನೆಗೆ ಹೋಗಿ ಮಗಳು ಗೌಸಿಯಾಬೇಗಮಳ ಕೈ ಹಿಡಿದು, ಕೌದಿ ಬುಟ್ಟಿ ಹೊತ್ತು ಬಂದಳು. ರಾಯರ ಹೊಸ್ತಿಲಿಗೆ ಅಡ್ಡಲಾಗಿ ಕೌದಿ ಹಾಸಿ ಮಗಳನ್ನು ಕೂರಿಸಿದಳು. ಮೂರು ಕಲ್ಲಿಟ್ಟು ಒಲೆ ಹೂಡಿ, ಬುಟ್ಟಿಯಿಂದ ಭೀಮಾ ಹೊಳೆಯ ಮೀನು ತೆಗೆದು ಹೆಂಚಿಗೆ ಹಾಕಿದಳು.

"ಏನ್ ಮಾಡಾಕತ್ತಿ ಬೇ!" ಬಸವಂತರಾಯ ಎದ್ದು ನಿಂತ.

"ಅಡಗಿ ಮಾಡಾಕತ್ತೇನ್ರಿ. ಬಾಗಿಲು ಬರಂಗಿಲ್ಲಂದ್ರ ನಾವ ಬಾಗಿಲ ಬಲ್ಲಿ ಇರಬೇಕಲ್ಲ."

ಮೀನು ಮುಟ್ಟದ ಆ ಮನೆಯ ದೇವರ ಕೋಣೆಗೆ ಹೊಗೆ ತಾಕುವ ಮೊದಲೇ ಗೌರಾಬಾಯಿಯ ಪೂಜೆ ಸಡಿಲವಾಯಿತು. ಬಾಗಿಲು ಪೀರಪ್ಪನ ತಲೆಯೇರಿ ಹೊರಟಿತು. ಬಸವಂತರಾಯ ಧೋತರದ ಚುಂಗಿನಿಂದ ಮೂಗು ಮುಚ್ಚಿಕೊಂಡು ಓಣಿಗೆಲ್ಲ ಕೇಳುವಂತೆ ಕೂಗಿದ:

"ಯಾರರೆ ಕೇಳಿದ್ರ, ರಾಯರು ದಾನ ಕೊಟ್ಟಾರಂತ ಹೇಳ್ಲೇ ಪೀರಪ್ಪಾ!"