ಡೊಂಕು ಮೂಗಿನ ಮೇಲಿನ ಬೆಳಕು

“ಆ ಮೂಗನ್ನ ಉಜ್ಜಿ ಸಣ್ಣ ಮಾಡಿ ಮೇಷ್ಟ್ರೇ. ಸಿಯೆನಾ ಊರಿನ ಗಂಡು ನಾವು ಕಳಿಸೋ ಈ ಚಿತ್ರ ನೋಡಿದ್ರೆ ಕುದುರೆ ಹತ್ತೋದೇ ಇಲ್ಲ!” ಎಂದಳು ತಾಯಿ ತೆಸ್ಸಾ.

ಚಿತ್ರಕ್ಕಾಗಿ ಕೂತಿದ್ದ ಮಗಳು ನೆನ್ಚಾ ಮೂಗು ಮುಟ್ಟಿಕೊಂಡಳು. ನೀಲಿ ಕಾಗದದ ಮೇಲೆ ಕಪ್ಪು ಬಳಪದಲ್ಲಿ ಮೂಡಿದ್ದ ಆ ಡೊಂಕು ಮೂಗು ಅಜ್ಜಿಯಿಂದ ಕಥೆಗಳ ಜೊತೆಗೇ ಅವಳಿಗೆ ಬಂದದ್ದು. ಅದನ್ನು ಕಂಡೂ ಬರುವವನೇ ಬರಲಿ ಎಂಬುದು ಅವಳ ಆಸೆ. ಫ್ಲಾರೆನ್ಸಿನ ಚಿತ್ರಕಾರ ಬಾಲ್ದೊ ನಿಟ್ಟುಸಿರಿಟ್ಟು, ಬಳಪ ಅಳಿಸಲು ಇಟ್ಟುಕೊಂಡಿದ್ದ ಬ್ರೆಡ್ಡಿನ ತಿರುಳಿಗಾಗಿ ಮೇಜಿನ ಮೇಲೆ ತಡಕಾಡಿದ. ತಟ್ಟೆ ಬರಿದಾಗಿತ್ತು. ನೆನ್ಚಾಳ ಕೆನ್ನೆಗಳೆರಡೂ ಉಬ್ಬಿದ್ದವು.

“ಅದನ್ಯಾಕೆ ತಿಂದ್ಯೇ, ಹೊಟ್ಟೆಬಾಕಿ?”

“ಹಸಿವಮ್ಮಾ,” ಎಂದು ನೆನ್ಚಾ ಕಷ್ಟಪಟ್ಟು ನುಂಗಿದಳು. ತೆಸ್ಸಾ ಗೊಣಗುತ್ತ, ಲಂಗ ಎತ್ತಿ ಹಿಡಿದು, ಇನ್ನೊಂದು ಬ್ರೆಡ್ಡು ತರಲು ಅಡುಗೆಮನೆಗೆ ಓಡಿದಳು.

“ನಿಜವಾಗ್ಲೂ ಹಸಿವೇನಮ್ಮಾ?” ಎಂದು ಬಾಲ್ದೊ ಪಿಸುಗುಟ್ಟಿದ.

“ಇಲ್ಲ ಮೇಷ್ಟ್ರೇ. ಒಣಗಿ ಮರಳು ಅಗಿದ ಹಾಗಿತ್ತು.”

ಬಾಲ್ದೊ ಬಾಗಿಲ ಕಡೆಗೊಮ್ಮೆ ನೋಡಿ, ಕುಂಚವನ್ನು ಬಿಳಿ ಬಣ್ಣದಲ್ಲಿ ಅದ್ದಿ, ಮೂಗಿನ ಡೊಂಕಿನ ಮೇಲೆ ಸರಿಯಾಗಿ ಒಂದು ಗೆರೆ ಎಳೆದ. ಬ್ರೆಡ್ಡಿಗೆ ಬಳಪ ಅಳಿಸಲು ಬರುತ್ತದೆ, ಈ ಬಣ್ಣ ಅದರಪ್ಪನಿಗೂ ಜಗ್ಗುವುದಿಲ್ಲ. ತೆಸ್ಸಾ ಏದುಸಿರು ಬಿಡುತ್ತ ಬರುವಷ್ಟರಲ್ಲಿ, ಮೂಗು ಸಿಯೆನಾದವರೆಗೂ ಕಾಣುವಂತೆ ಹೊಳೆಯುತ್ತಿತ್ತು.