ಮೆಷಿನ್ ಮಾವನ ಸರದಿ

ಮೇಜಿನ ಕೊನೆಯಲ್ಲಿ ಕುಳಿತಿದ್ದ ಹೆಂಗಸು ಅವನ ಮೇಲಿಂದ ಕಣ್ಣು ಕೀಳುತ್ತಿರಲಿಲ್ಲ. ಸಮಿತಿಯ ಉಳಿದ ಸದಸ್ಯರು ಕಾಗದ ತಿರುವುತ್ತಿದ್ದರು, ನೀರು ಕುಡಿಯುತ್ತಿದ್ದರು, ಒಬ್ಬರಂತೂ ಆಕಳಿಸಿ ಬಾಯಿಗೆ ಕೈ ಅಡ್ಡ ಹಿಡಿದರು. ಆಕೆ ಮಾತ್ರ ಅವನನ್ನೇ ನೋಡುತ್ತಿದ್ದಳು. ಈಕೆ ಕೆದಕಿ ಕೇಳುವವಳು ಎಂದು ಅವನಿಗೆ ಅನಿಸಿತು. ಕೆದಕುವವರನ್ನು ಕಂಡರೆ ಅವನಿಗೆ ಭಯ.

“ಅಣ್ಣಾ, ಯಾವಾಗಲೂ ಹೇಳೋ ಹಾಗೇ ಹೇಳಿ, ಸಾಕು,” ಎಂದು ಪಕ್ಕದಲ್ಲಿದ್ದ ಸಂಚಾಲಕಿ ಪಿಸುಗುಟ್ಟಿದಳು.

ಬಡಾವಣೆಯ ಹುಡುಗರು ಚಾಕು ಹಿಡಿಯದಂತೆ ತಡೆಯುವ ಕೂಟವೊಂದನ್ನು ಅವಳು ನಡೆಸುತ್ತಿದ್ದಳು. ಇವತ್ತು ಸಮಿತಿ ಒಪ್ಪಿದರೆ ಇನ್ನು ಮೂರು ವರ್ಷ ಹಣ ಬರುತ್ತದೆ. ಒಪ್ಪದಿದ್ದರೆ ಹುಡುಗರು ಸಂಜೆ ಸೇರುವ ಕೋಣೆಗೆ ತಿಂಗಳ ಕೊನೆಗೆ ಬೀಗ ಬೀಳುತ್ತದೆ.

ಹಣ ಕೊಡುವವರ ಷರತ್ತು ಒಂದೇ: ಶಾಲೆ, ಪೊಲೀಸ್ ಠಾಣೆ, ಆಸ್ಪತ್ರೆ, ಬಡಾವಣೆಯ ಜನ ಎಲ್ಲರೂ ಕೂಡಿ ಕೆಲಸ ಮಾಡಬೇಕು. ಕೂಡುವುದೇನೋ ಕೂಡಿದರು. ಆದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಚಾಕು ಇರಿತದಲ್ಲಿ ಮಗನನ್ನು ಕಳೆದುಕೊಂಡ ಹೆತ್ತವರೊಬ್ಬರು ಬಂದು ಮಾತಾಡಿದರೆ ಹುಡುಗರಿಗೆ ನಾಟುತ್ತದೆ ಎಂದು ಸಂಚಾಲಕಿ ತಿಂಗಳುಗಟ್ಟಲೆ ಅಲೆದಳು. ಆಸ್ಪತ್ರೆ ರೋಗಿಯ ಹೆಸರು ಹೇಳಲಿಲ್ಲ. ಠಾಣೆ ಬಾಲಕರ ಹೆಸರು ಹೇಳಲಿಲ್ಲ. ಎಲ್ಲರೂ ಒಂದೇ ಮೇಜಿನಲ್ಲಿ ಚಹಾ ಕುಡಿದು, ಬಾಯಿಗೆ ಬೀಗ ಹಾಕಿಕೊಂಡು ಎದ್ದುಹೋದರು. ಕೊನೆಗೆ ನರ್ಸೊಬ್ಬಳಿಗೆ ಕನಿಕರ ಬಂತು. “ಆ ಇರಿತ ಆದ ದಿನ ಕಾರಿಡಾರಿನಲ್ಲಿ ಗೋಡೆಗೆ ತಲೆ ಒರಗಿಸಿ ಕೂತಿದ್ದರಲ್ಲ, ಹೊಲಿಗೆ ಮೆಷಿನ್ ರಿಪೇರಿಯವರು, ಅವರನ್ನ ಕೇಳಿ ನೋಡಿ. ನಾನು ಹೇಳಿದೆ ಅನ್ನಬೇಡಿ.”

ಹೀಗೆ ಸಂಚಾಲಕಿ ಅವನ ಬಾಗಿಲು ತಟ್ಟಿದ್ದಳು. ಎಷ್ಟೋ ದಿನಗಳ ನಂತರ ಆ ಬಾಗಿಲು ತಟ್ಟಿದವಳು ಅವಳೇ. ಹೆಂಡತಿ ಎಂದೋ ತೀರಿಕೊಂಡಿದ್ದಳು. ಆ ಘಟನೆ ಆದಮೇಲೆ ಗಿರಾಕಿಗಳೂ ಕಡಿಮೆಯಾದರು. ನೆರೆಯವರು ಅವನನ್ನು ದೂರದಿಂದ ಕಂಡರೆ ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಇಬ್ಬರಿಗಾಗುವಷ್ಟು ಅಡುಗೆ ಮಾಡಿ, ಒಬ್ಬನೇ ಉಂಡು, ಮರುದಿನ ತಂಗಳನ್ನೂ ತಾನೇ ಉಣ್ಣುತ್ತಿದ್ದ. ಸಂಜೆ ಬಟ್ಟೆಯಿಲ್ಲದ ಮೆಷಿನ್ ತುಳಿಯುತ್ತಿದ್ದ, ಮನೆಯಲ್ಲಿ ಒಂದಿಷ್ಟು ಸದ್ದಾದರೂ ಇರಲಿ ಎಂದು.

ಅವಳ ಜೊತೆ ಹೋದ. ಹುಡುಗರು ಸೇರುವ ಆ ಕೋಣೆಯಲ್ಲಿ ಅವನಿಗಾಗಿ ಕಾಯುವವರಿದ್ದರು. ಹಳೆಯ ಮೆಷಿನ್ ಬಿಚ್ಚಿ ಜೋಡಿಸುವುದನ್ನು ಅವನು ಹುಡುಗರಿಗೆ ಕಲಿಸುತ್ತಿದ್ದ. ಅವರು ಅವನನ್ನು ಮೆಷಿನ್ ಮಾವ ಎಂದು ಕರೆದರು. “ಮಾವ, ಮೆಷಿನ್‌ಗಿಂತ ನಿಮ್ಮ ಮಂಡಿನೇ ಜಾಸ್ತಿ ಕಿರ್ ಅನ್ನುತ್ತೆ, ಎಣ್ಣೆ ಬಿಡ್ಲಾ?” ಎಂದು ರೇಗಿಸುತ್ತಿದ್ದರು. ಒಂದು ಸಂಜೆ ಒಬ್ಬ ಜೇಬಿನಿಂದ ಚಾಕು ತೆಗೆದು, ಸ್ಕ್ರೂಡ್ರೈವರುಗಳ ನಡುವೆ ಇಟ್ಟು, ಏನೂ ಹೇಳದೆ ಮನೆಗೆ ಹೋದ. ಅಂದು ರಾತ್ರಿ ಮಾವನಿಗೆ ನೆಮ್ಮದಿಯ ನಿದ್ದೆ ಬಂತು. ಕೋಣೆ ಮುಚ್ಚಿದರೆ ತಾನು ಮತ್ತೆ ಆ ಗೋಡೆಗಳ ಮಧ್ಯೆ ಒಬ್ಬನೇ ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಅವನ ಸರದಿ ಬಂತು. ಎದ್ದು ನಿಂತ.

“ನನಗೆ ಭಾಷಣ ಬರಲ್ಲ. ನನ್ನ ಮಗನಿಗೆ ಆಗ ಹದಿನಾರು. ಅವತ್ತು ಊಟ ಮಾಡಿ ತಟ್ಟೆ ತೊಳೀದೆ ಎದ್ದ. ಬಂದು ತೊಳೀತೀನಿ ಅಂದ. ಮತ್ತೆ ಮನೆಗೆ ಬರಲಿಲ್ಲ. ಯಾರ ಜೊತೆ ಓಡಾಡ್ತಾನೆ, ಯಾರಿಗೆ ಹೆದರ್ತಾನೆ ಅಂತ ನಾನು ಒಂದು ದಿನನೂ ಕೇಳಿರಲಿಲ್ಲ. ಈಗ ಬೇರೆಯವರ ಮಕ್ಕಳನ್ನ ಕೇಳ್ತೀನಿ. ಅಷ್ಟೇ ನಾನು ಮಾಡೋ ಕೆಲಸ.”

ಆಕಳಿಸಿದ್ದ ಸದಸ್ಯರು ನೆಟ್ಟಗೆ ಕುಳಿತರು. ಮೇಜಿನ ಕೊನೆಯಿಂದ ಆ ಹೆಂಗಸು ಕೇಳಿಯೇಬಿಟ್ಟಳು. ಆಕೆ ಬಡಾವಣೆಯ ಪರವಾಗಿ ಬಂದಿದ್ದ ಸದಸ್ಯೆ.

“ಅವತ್ತಿನ ಆ ಇನ್ನೊಬ್ಬ ಹುಡುಗನ ಮನೆಯವರು ಎದುರಿಗೆ ಬಂದ್ರೆ ಏನು ಮಾಡ್ತೀರಿ?”

ಸಂಚಾಲಕಿ ಸೀರೆಯ ಸೆರಗು ಹಿಂಡಿಕೊಂಡಳು.

“ಅವರ ಮನೇಲೂ ಒಂದು ತಟ್ಟೆ ಕಡಿಮೆ ಆಗಿದೆಯಲ್ಲ ಮೇಡಂ. ಅವರ ಮುಖ ನೋಡೋ ಧೈರ್ಯ ನನಗಿಲ್ಲ,” ಎಂದ ಅವನು.

“ಎಂಥ ದೊಡ್ಡ ಮನಸ್ಸು,” ಎಂದು ಅಧ್ಯಕ್ಷರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಒಬ್ಬೊಬ್ಬರಾಗಿ ಎಲ್ಲರೂ ಕೈ ಎತ್ತಿದರು. ಮೂರು ವರ್ಷಕ್ಕೆ ಹಣ ಮಂಜೂರಾಯಿತು. ಸಂಚಾಲಕಿ ಅವನ ಕೈ ಹಿಡಿದು ಅತ್ತಳು, ಆಮೇಲೆ ಎಲ್ಲರೂ ಚಹಾಕ್ಕೆ ಹೋದರು. ಹೊಗಳಿಕೆ ಕೇಳಲಾರದೆ ಅವನು ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತ.

ಆ ಹೆಂಗಸು ಬಂದು ಪಕ್ಕದಲ್ಲೇ ಕುಳಿತಳು.

“ಮೊದಲು ಕೈ ಎತ್ತಿದ್ದು ನಾನೇ.”

“ದೊಡ್ಡ ಉಪಕಾರ ಆಯ್ತು ಮೇಡಂ. ನನಗೆ ಹೋಗೋಕೆ ಬೇರೆ ಜಾಗ ಇಲ್ಲ.”

“ಗೊತ್ತು. ನೀವು ಒಳಗೆ ಒಂದು ಸುಳ್ಳೂ ಹೇಳಲಿಲ್ಲ. ಅದನ್ನೇ ನೋಡ್ತಾ ಕೂತಿದ್ದೆ.”

ಅವನು ಆಕೆಯತ್ತ ತಿರುಗಿದ.

“ಕಾರಿಡಾರಿನಲ್ಲಿ ನಾನು ಎದುರು ಬೆಂಚಿನಲ್ಲಿದ್ದೆ. ಒಳಗೆ ನಿಮ್ಮ ಹುಡುಗನ ಕೈಗೆ ಹೊಲಿಗೆ ಹಾಕ್ತಾ ಇದ್ರು. ಅಲ್ಲಿದ್ದ ನರ್ಸಿಗೆ ಯಾರು ಯಾರ ಮನೆಯವರು ಅಂತ ಗೊತ್ತಾಗಲಿಲ್ಲ ಅಂತ ಕಾಣುತ್ತೆ. ಮಗನನ್ನ ಕಳಕೊಂಡವರು ಅಂತ ಅವಳು ತೋರಿಸಬೇಕಾಗಿದ್ದದ್ದು ನನ್ನನ್ನ.”

ಅವನು ಏಳಲು ನೋಡಿದ. ಮತ್ತೆ ಅಲ್ಲೇ ಕುಳಿತ. “ಮೊದಲ ದಿನವೇ ಹೇಳಬೇಕಿತ್ತು ಅಮ್ಮಾ. ಅಷ್ಟರಲ್ಲಿ ಆ ಹುಡುಗರು ಮಾವ ಅಂದುಬಿಟ್ರು,” ಎಂದ.

“ಶಿಕ್ಷೆ ಮುಗಿದ ದಿನ ನಿಮ್ಮ ಮಗನನ್ನೂ ಆ ಕೋಣೆಗೆ ಕರಕೊಂಡು ಬನ್ನಿ,” ಎಂದಳು ಆಕೆ. “ನಾನಂತೂ ನನ್ನ ಮಗನನ್ನ ಕರಕೊಂಡು ಬರೋ ಹಾಗಿಲ್ಲ.”